ಕುದಿನೀರಿಗೆ ಅದ್ದಿದ ಹುಂಜ

ಗಲ್ಫಿನ ಇಬ್ರಿ ಊರಿನ ಸೂಕಿನಲ್ಲಿ, ಅಂದರೆ ಸಂತೆಯಲ್ಲಿ, ನಾವಿಬ್ಬರೂ ಒಂದೇ ಪೆಟ್ಟಿಗೆಯಿಂದ ಆರಿಸಿ ತಂದ ಕೋಳಿಮರಿಗಳು. ನನಗೆ ಮೂರು, ಪಕ್ಕದ ಮನೆಯವಳಿಗೆ ಮೂರು. ಎರಡೂ ಮನೆಗೆ ಒಂದೇ ಕಾಂಪೌಂಡು, ಒಂದೇ ಬಿಸಿಲು. ಆದರೂ ನನ್ನ ಎರಡು ಮರಿಗಳು ಸೆಕೆ ತಡೆಯದೆ ಸತ್ತವು, ಅವಳದು ಒಂದೂ ಸಾಯಲಿಲ್ಲ. ಡಿಸೆಂಬರಿನ ಹೊತ್ತಿಗೆ ಅವಳ ಹುಂಜ ಮೈತುಂಬಿ ಮಿರಮಿರ ಮಿನುಗುತ್ತಿತ್ತು. ಉಳಿದ ನನ್ನೊಂದು ಹುಂಜ ಕತ್ತು ಉದ್ದ ಮಾಡಿಕೊಂಡು ಸುಮ್ಮನೆ ಓಡಾಡುತ್ತಿತ್ತು.

ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ, ಅದಕ್ಕೆ ಎಂತ ಹಾಕುತ್ತೀ ಎಂದು. ಅವಳು ಬಾಗಲಕೋಟೆ ಕಡೆಯವಳು.

"ಏನ್ ಹಾಕ್ತೀನ್ರೀ ಅಕ್ಕಾರ, ಉಳಿದ ಅನ್ನ, ಎರಡು ಖರ್ಜೂರ. ಎಸಿ ನೀರು ಬೀಳೋ ಕಡೆ ಬುಟ್ಟಿ ಇಟ್ಟೀನಿ, ತಂಪಿರ್ತಾವು."

ಅವಳು ಏನೋ ಮುಚ್ಚಿಡುತ್ತಿದ್ದಾಳೆಂದು ಒಂದು ವಾರ ಅಡುಗೆಮನೆಯ ಕಿಟಕಿಯಿಂದ ಕಣ್ಣಿಟ್ಟೆ. ಮುಚ್ಚಿಡಲು ಅಲ್ಲಿ ಏನೂ ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ಉರಿಸಿತು.

ಕ್ರಿಸ್‌ಮಸ್ ಊಟಕ್ಕೆ ನಮ್ಮ ಮನೆಯಲ್ಲಿ ಇಡೀ ಹುಂಜವನ್ನು ಚರ್ಮ ಸಮೇತ ರೋಸ್ಟ್ ಮಾಡಿ ಮೇಜಿನ ನಡುವೆ ಇಡುವುದು ಪದ್ಧತಿ. ಅದು ಮನೆಯೊಡತಿಯ ಗತ್ತು. ಆ ಸಲ ಅವಳ ಮನೆಯವರೂ ಊಟಕ್ಕೆ ಬರುವವರಿದ್ದರು, ತನ್ನ ಹುಂಜವನ್ನೂ ಕೊಡುತ್ತೇನೆಂದಳು. ನನ್ನ ಗಂಡ ಅವಳೆದುರಿಗೇ ಹೇಳಿದರು: "ರೋಸ್ಟಿಗೆ ಇವರದ್ದೇ ಆಗಲಿ, ಅದಕ್ಕೆ ಮೈ ಉಂಟು. ನಮ್ಮದನ್ನು ತುಂಡು ಮಾಡಿ, ಕಾಯಿ ಹಾಕಿ ಸುಕ್ಕ ಮಾಡುವ."

ನನ್ನ ಕೈಯಡುಗೆಯನ್ನು ಇಷ್ಟು ವರ್ಷ ತಿಂದು ಒಂದು ದಿನವೂ ಹೊಗಳದ ಬಾಯಿ ಅದು.

ಅವಳ ಊರ ಕಡೆ ಕೋಳಿಯ ಚರ್ಮ ಸುಲಿದುಬಿಡುತ್ತಾರಂತೆ. ಪುಕ್ಕ ಕೀಳುವ ಕೆಲಸ ನನ್ನದಾಯಿತು. ನನ್ನ ಅಜ್ಜಿ ಕಲಿಸಿದ ಲೆಕ್ಕ ಸರಳ: ನೀರು ಬೆರಳು ಸುಡಬೇಕು, ಕುದಿಯಬಾರದು. ಮೊದಲು ನನ್ನ ಹುಂಜವನ್ನು ಕೊಯ್ದು, ಅದ್ದಿ, ಪುಕ್ಕ ಕಿತ್ತು, ಖರ್ಜೂರದ ಮರದ ಒಣಗರಿಯ ಬೆಂಕಿಯಲ್ಲಿ ರೋಮ ಸುಟ್ಟು, ಅರಿಶಿನ ಹಚ್ಚಿಟ್ಟೆ. ಚರ್ಮ ಒಂದು ಕಡೆಯೂ ಹರಿಯಲಿಲ್ಲ.

ಆಮೇಲೆ ಒಲೆ ದೊಡ್ಡದು ಮಾಡಿದೆ. ನೀರು ಕೊತಕೊತ ಕುದಿಯುವುದು ಕಾಣುತ್ತಿತ್ತು. ಅವಳ ಹುಂಜವನ್ನೂ ಕೊಯ್ದು, ಅದರಲ್ಲಿ ಅದ್ದಿ, ತೆಗೆಯಬೇಕಾದಾಗ ತೆಗೆಯಲಿಲ್ಲ. ಪುಕ್ಕ ಎಳೆದರೆ ಎದೆಯ ಚರ್ಮವೂ ಜೊತೆಗೇ ಕಿತ್ತು ಬಂತು.

"ಇದರ ಚರ್ಮ ತೀರಾ ಎಳತು ಮಾರಾಯ್ತಿ," ಎಂದು ಪಕ್ಕದಲ್ಲೇ ಇದ್ದ ಅವಳಿಗೆ ಹೇಳಿದೆ.

ಅವಳು ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಇರಲಿ ಬಿಡ್ರಿ ಅಕ್ಕಾರ. ನಿಮ್ಮದನ್ನ ರೋಸ್ಟ್ ಮಾಡ್ರಿ, ನಂದು ಸುಕ್ಕ ಆಗ್ಲಿ."

ಹಾಗೆ ನನ್ನ ಹುಂಜ ಮೇಜಿನ ನಡುವೆ ಕೂತಿತು. ಚಾಕು ಇಳಿಯಲಿಲ್ಲ. ಗಂಡ ಎರಡೂ ಕೈಯಲ್ಲಿ ಹಿಡಿದು ಕಾಲು ಮುರಿದರು, ಒಂದು ತುಂಡು ಜಗಿದು ಪಕ್ಕಕ್ಕಿಟ್ಟರು. ಸುಕ್ಕದ ಪಾತ್ರೆಯನ್ನು ಮಾತ್ರ ಎಲ್ಲರೂ ಸೇರಿ ಕೆರೆದು ಮುಗಿಸಿದರು.

ಊಟದ ಮೇಲೆ ನಾನು ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಅವಳು ಒಂದು ಬಟ್ಟಲು ಹಿಡಿದು ಬಂದಳು. ಅದರಲ್ಲಿ ಅವಳ ಹುಂಜದ ಹುರಿದ ಲಿವರ್. ಕೋಳಿ ಶುಚಿ ಮಾಡಿದವರಿಗೆ ಲಿವರ್ ಕೊಡಬೇಕು, ಅದು ನಮ್ಮ ಮನೆಯ ಕ್ರಮ ಎಂದು ಯಾವಾಗಲೋ ನಾನೇ ಅವಳಿಗೆ ಹೇಳಿದ್ದೆ.

"ನೀರು ಕುದಿಯಾಕತ್ತಿತ್ರೀ ಅಕ್ಕಾರ. ನಾ ನೋಡೀನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ತಿನ್ರಿ, ಆರ್ತೈತಿ."

ಅವಳ ಜಾಗದಲ್ಲಿ ನಾನಿದ್ದಿದ್ದರೆ ಅದನ್ನು ಬೆಕ್ಕಿಗೆ ಹಾಕುತ್ತಿದ್ದೆ. ಕೈ ಒರೆಸಿಕೊಂಡು ತಿಂದೆ. ಮೆತ್ತಗೆ, ರುಚಿಯಾಗಿತ್ತು. ಹುಂಜದ ಮೇಲಿದ್ದ ಹೊಟ್ಟೆಕಿಚ್ಚು ಅಲ್ಲಿಗೆ ಮುಗಿಯಿತು. ಅವಳ ಮೇಲಿನದು ಶುರುವಾಯಿತು.