ಬೋಲ್ಟಿಗೆ ಹಚ್ಚಿದ ವಿಭೂತಿ

ಹಿರೇಹಡಗಲಿಯ ನಮ್ಮ ಪಡಸಾಲೆಯ ಗೋಡೆಯಲ್ಲಿ ಒಂದು ರೈಫಲ್ ತೂಗುತ್ತಿತ್ತು. ತಾತನ ಕಾಲದ್ದು, ಹೊಲಕ್ಕೆ ನುಗ್ಗುವ ಹಂದಿಗಳಿಗೆಂದು ತಂದದ್ದು, ಹಂದಿಗಳಿಗಿಂತ ಹೆಚ್ಚಾಗಿ ಬೀಗರಿಗೆ ತೋರಿಸಿದ್ದು.

ತೊಂಬತ್ತರ ದಶಕದ ಕೊನೆಗೆ, ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಾಗ, ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಆದರ್ಶ ರೈಫಲ್ ಹೇಗಿರಬೇಕೆಂದು ಓದಿದೆ. ಮಳೆಗೆ ಉಬ್ಬದ ಹಿಡಿ, ಬೆರಳಿಗೆ ತಕ್ಕಂತೆ ಹೊಂದಿಸಬಹುದಾದ ಟ್ರಿಗರ್, ಎಲ್ಲಕ್ಕಿಂತ ಮುಖ್ಯವಾಗಿ, ಎಳೆದರೆ ನೀರಿನಂತೆ ಜಾರಿಬಂದು ತಳ್ಳಿದರೆ ಭದ್ರವಾಗಿ ಕೂಡುವ ಬೋಲ್ಟ್, ಅಂದರೆ ತೋಟಾ ಇರುವ ಗೂಡನ್ನು ಮುಚ್ಚುವ ಅಗುಳಿ. ಬರೆದವರಿಗೆ ಪಾಪ, ನಮ್ಮ ಮನೆಯ ಅಗತ್ಯಗಳು ತಿಳಿದಿರಲಿಲ್ಲ. ನಮ್ಮ ಆದರ್ಶ ರೈಫಲ್‌ಗೆ ಮೂರು ಬೆರಳ ವಿಭೂತಿ ಎಳೆಯುವಷ್ಟು ಅಗಲದ ಹಣೆ ಬೇಕು. ಹಡಗಲಿಯ ಮಲ್ಲಿಗೆ ದಂಡೆ ಜಾರದಂತೆ ಒಂದು ಕೊಕ್ಕೆ ಬೇಕು. ಊದಿನಕಡ್ಡಿ ಸಿಕ್ಕಿಸಲು ನಳಿಗೆ ಹೇಗೂ ಇದೆ. ಪ್ರತಿ ಮಹಾನವಮಿಗೆ ದೊಡ್ಡಪ್ಪ ಬೋಲ್ಟಿನ ಸಂದಿಗೆ ಶೇಂಗಾ ಎಣ್ಣೆ ಬಿಟ್ಟು, ಮೇಲೆ ವಿಭೂತಿ, ಕುಂಕುಮ ಹಚ್ಚುತ್ತಿದ್ದರು. ಆ ಎಣ್ಣೆ ಒಣಗಿ ಅಂಟಾಗುತ್ತದೆಂದು ಒಮ್ಮೆ ಹೇಳಿದೆ.

"ಆಯುಧದ ವಿಚಾರ ಹೆಣ್ಮಕ್ಕಳಿಗ್ಯಾಕವ್ವಾ" ಎಂದರು.

ಆ ವರ್ಷ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಹೊಸ ಇನ್‌ಸ್ಪೆಕ್ಟರು, ಹಿಂದಿನವರಂತೆ ನಂಬರ್ ಓದಿ ಸುಮ್ಮನಾಗದೆ, ಬೋಲ್ಟ್ ಎಳೆದು ತೋರಿಸಿ ಎಂದರು. ಅದು ಕದಲಲಿಲ್ಲ. ವಾರದೊಳಗೆ ಸರಿಪಡಿಸಿ ತರದಿದ್ದರೆ ಲೈಸೆನ್ಸ್ ರದ್ದು. ದೊಡ್ಡಪ್ಪನಿಗೆ ಅದು ಹೋದರೆ ಗೌಡಿಕೆಯೇ ಹೋದಂತೆ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಕೊನೆಗೆ ಪಂಪ್‌ಸೆಟ್ ರಿಪೇರಿಯ ದಾವಲಸಾಬರನ್ನು ಕರೆಸಿದರು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

"ಲೇ ಗೌಡ, ಇದು ಬಂದೂಕಲ್ಲೋ. ಹೂರ್ಣ ತುಂಬಿದ ಹೋಳಿಗಿ ಆಗೇತಿ."

"ನನ್ನ ಕೈಲೆ ಆಗಲ್ಲ ಅಂತ ಹೇಳ್ಬಿಡಲೇ ಮತ್ತ" ಎಂದು ದೊಡ್ಡಪ್ಪ ಕೆಣಕಿದರು.

ದಾವಲಸಾಬರು ಸೀಮೆಎಣ್ಣೆ ಬಿಟ್ಟು ಅರ್ಧ ದಿನ ನೆನೆಸಿದರು. ಆಮೇಲೆ ನಳಿಗೆಯನ್ನು ಅಂಗಳದ ಮರಳಗುಡ್ಡೆಗೆ ತಿರುಗಿಸಿ, "ಎಲ್ಲಾರೂ ಹಿಂದಕ ಸರೀರಿ" ಎಂದರು.

ದೊಡ್ಡಪ್ಪ ನಕ್ಕರು. "ಖಾಲಿ ಐತೋ ಮಾರಾಯಾ. ಒಳಗ ಏನೈತಿ ಅನ್ನೋದು ಮನಿ ಯಜಮಾನಗ ಗೊತ್ತಿರಲ್ಲೇನು?"

ಬೋಲ್ಟ್ ಕಿರುಗುಟ್ಟುತ್ತ ಹಿಂದೆ ಬಂತು. ಅದರ ಜೊತೆಗೇ ಒಂದು ಹಿತ್ತಾಳೆಯ ತೋಟಾ, ಗುಂಡಿನ ಸಮೇತ, ಹಾಸುಗಲ್ಲಿನ ಮೇಲೆ ಬಿದ್ದು ಉರುಳಿತು. ತಾತ ತುಂಬಿಟ್ಟದ್ದಿರಬೇಕು; ಅವರು ಹೋಗಿ ಇಪ್ಪತ್ತೈದು ವರ್ಷವಾಗಿತ್ತು.

ಒಳ್ಳೆಯ ತಯಾರಕರು ಬೋಲ್ಟಿನ ಹಿಂಬದಿಯಲ್ಲಿ ಚಿಕ್ಕದೊಂದು ಮೊಳೆ ಇಡುತ್ತಾರೆ. ಒಳಗೆ ತೋಟಾ ಇದ್ದರೆ ಅದು ತಲೆ ಎತ್ತಿ ಹೇಳುತ್ತದೆ. ಅವರಿಗೆ ಯಜಮಾನರ ಮೇಲೆ ನಂಬಿಕೆ ಕಡಿಮೆ. ನಮ್ಮದಾದರೋ ನಂಬಿಕೆಯ ಮನೆ. ಒಳಗೆ ಇಣುಕದೆ ಇರಲು ಪೂಜೆಗಿಂತ ಮರ್ಯಾದೆಯ ದಾರಿ ಇನ್ನೊಂದಿಲ್ಲವೆಂದು ನನಗೆ ಆ ದಿನ ಹೊಳೆಯಿತು; ಬಂದೂಕಿನ ಬಗ್ಗೆಯಷ್ಟೇ ಹೇಳುತ್ತಿಲ್ಲ.

"ಲೈಸೆನ್ಸ್ ಉಳೀತು ನೋಡಲೇ ಗೌಡ" ಎಂದರು ದಾವಲಸಾಬರು, ಕೈ ಒರೆಸಿಕೊಳ್ಳುತ್ತ.

ದೊಡ್ಡಪ್ಪ ಪಡಸಾಲೆಯ ಕಡೆ ನೋಡುತ್ತಿದ್ದರು. "ಅದರ ನಳಿಗಿ ಎದುರಿಗೆ ತೊಟ್ಲಾ ಕಟ್ತಿದ್ವಲ್ಲ, ಅದ್ರಾಗ ಯಾರ್ಯಾರು ಮಲಗಿದ್ರವ್ವಾ?"

"ನಾನು. ಆಮ್ಯಾಲೆ ಅಣ್ಣನ ಮಕ್ಕಳಿಬ್ರೂ. ಸಣ್ಣಾಕಿ ಈಗೂ ಅಲ್ಲೇ ಮಲಗ್ಯಾಳ."

ದೊಡ್ಡಪ್ಪ ಬಗ್ಗಿ ತೋಟಾ ಎತ್ತಿಕೊಂಡು, "ಒಂದು ಅರ್ಜಿ ಬರಿಯವ್ವಾ" ಎಂದರು.

"ರಿನ್ಯೂ ಮಾಡ್ಸಾಕೇನ್ರಿ ದೊಡ್ಡಪ್ಪ?"

"ಅಲ್ಲ. ಒಪ್ಪಿಸಿ ಬರಾಕ."