ಎಂಟು ಮೀಟರ್ ಕಡಿಮೆ

ರಂಗಂಪೇಟೆಯ ಅಂಬ್ರಪ್ಪ ಮೂವತ್ತು ವರ್ಷ ಭೂಮಾಪಕರ ಜೊತೆ ಹೊಲ ಹೊಲ ತಿರುಗಿ ಸರಪಳಿ ಎಳೆದು ನಿವೃತ್ತನಾದವನು. ತಾನು ಅಳೆಯದ ಯಾವ ಬದುವನ್ನೂ ನಂಬುತ್ತಿರಲಿಲ್ಲ. ನೂರು ಮೀಟರ್ ಓಟಕ್ಕೆ ಹದಿನಾಲ್ಕೂವರೆ ಸೆಕೆಂಡ್ ಹಿಡಿಯುತ್ತಿದ್ದ ಮೊಮ್ಮಗಳು ಪರಿಮಳಾ ಎರಡೇ ತಿಂಗಳಲ್ಲಿ ಹದಿಮೂರಕ್ಕೆ ಬಂದಾಗ ಅವನಿಗೆ ಸಂಶಯ ಹುಟ್ಟಿತು. ಅವಳಿನ್ನೂ ಒಂಬತ್ತನೇ ತರಗತಿ.

"ಆ ಮಾಸ್ತರ ಗುಳಿಗಿ ಏನರ ಕೊಡ್ತಾನೇನು?" ಎಂದು ಕೇಳಿದ.

"ಇಲ್ಲ ಮುತ್ಯಾ. ಉಸುಕಿನ ಚೀಲ ಹೊರಿಸಿ ಬೈಠಕ್ ಹೊಡಸ್ತಾರ, ಗುಡ್ಡ ಹತ್ತಸ್ತಾರ, ಅಷ್ಟ."

ಅಂಬ್ರಪ್ಪ ಅವಳ ನೀರಿನ ಬಾಟಲಿ ಮೂಸಿ ನೋಡಿದ. ಒಂದು ವಾರ ಮೈದಾನದ ಬೇವಿನ ಮರದಡಿ ಕುಳಿತು ದೈಹಿಕ ಶಿಕ್ಷಕ ಭೀಮಾಶಂಕರನ ಕೈಯಲ್ಲಿದ್ದ ಸ್ಟಾಪ್‌ವಾಚನ್ನೇ ದಿಟ್ಟಿಸಿದ. ಯಾವುದರಲ್ಲೂ ಮೋಸ ಕಾಣಲಿಲ್ಲ. ಕೊನೆಗೆ ಟೇಪು ತಂದು ಓಟದ ಹಾದಿಯನ್ನೇ ಅಳೆದ. ಎಂಟು ಮೀಟರ್ ಕಡಿಮೆ ಇತ್ತು! ಹೋದ ತಿಂಗಳು ಹೊಸ ಕಾಂಪೌಂಡ್ ಕಟ್ಟಿದಾಗ ಓಟ ಮುಗಿಯುವ ಗೆರೆ ಒಳಗೆ ಸರಿದಿತ್ತು. ಯಾರೂ ಮತ್ತೆ ಅಳೆದಿರಲಿಲ್ಲ.

"ನಂದ ತಪ್ಪಾಗ್ಯಾದ್ರಿ ಯಜಮಾನ್ರ," ಎಂದು ಭೀಮಾಶಂಕರ ಒಪ್ಪಿಕೊಂಡ.

ಪರಿಮಳಾ ಅತ್ತಳು, ಎರಡು ದಿನ ಅಜ್ಜನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಹೊಸ ಗೆರೆಯವರೆಗೆ, ಪೂರ್ತಿ ನೂರು ಮೀಟರ್ ಓಡಿದಳು. ಸರಿಯಾಗಿ ಹದಿನಾಲ್ಕು ಸೆಕೆಂಡ್. ಕಸರತ್ತು ಪೂರ್ತಿ ಸುಳ್ಳಾಗಿರಲಿಲ್ಲ. ಅರ್ಧ ಸೆಕೆಂಡ್ ಅವಳದೇ ದುಡಿಮೆ.

"ಈಗರ ನಂಬ್ತಿ ಇಲ್ಲೋ?" ಎಂದು ಏದುಸಿರು ಬಿಡುತ್ತಲೇ ಕೇಳಿದಳು.

"ನಿನ್ನ ಕಾಲು ನಂಬ್ತೀನವ್ವಾ," ಎಂದು ಅಂಬ್ರಪ್ಪ ಧೋತರದ ಚುಂಗಿನಿಂದ ಅವಳ ಹಣೆ ಒರೆಸಿದ.

ಯಾದಗಿರಿಯ ಜಿಲ್ಲಾ ಕ್ರೀಡಾಕೂಟದಲ್ಲಿ ಅವಳು ನಾಲ್ಕನೆಯವಳಾದಳು. ಬಸ್ಸಿನಲ್ಲಿ ಮರಳುವಾಗ ಅಜ್ಜನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು.