ಗೋಡೆಯ ಮೇಲೆ ಹನ್ನೊಂದು ಪ್ಲಗ್ಗು

ಬೇಲಾಪುರದ ನಮ್ಮ ಸಾಲುಮನೆಗೆ ಕೆಳಗೊಂದು ಬೇಸ್‌ಮೆಂಟ್ ಇದೆ. ಆ ಕಾರಣಕ್ಕೇ ಹೆಂಡತಿ ಈ ಮನೆಯನ್ನು ಒಪ್ಪಿದಳು. ಆ ಕಾರಣಕ್ಕೇ ನನಗೆ ಮಳೆಗಾಲದಲ್ಲಿ ನಿದ್ದೆ ಬರುವುದಿಲ್ಲ. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಅವಳು ಅಲ್ಲಿ ದೋಸೆ ಹಿಟ್ಟು ರುಬ್ಬಿ ಮಾರುವುದೆಂದು ನಿಶ್ಚಯಿಸಿದಳು. ನೆಲಕ್ಕೆ ಕಲ್ಲು ಹಾಸಿದ್ದಾಯಿತು, ಗೋಡೆಗೆ ಪ್ಲಾಸ್ಟರ್ ಆಯಿತು. ಮುಂದಿನ ಭಾನುವಾರಕ್ಕೆ ಹತ್ತಿರದ ಹೌಸಿಂಗ್ ಸೊಸೈಟಿಯವರ ತಿಂಡಿಗೆ ಹಿಟ್ಟು ಕೊಡುತ್ತೇನೆಂದು ಮಾತನ್ನೂ ಕೊಟ್ಟಾಯಿತು. ಅವಳ ಮೊದಲ ಆರ್ಡರು. ವೈರಿಂಗ್ ಒಂದೇ ಬಾಕಿ, ಅದರ ನಕ್ಷೆ ನನ್ನ ಜವಾಬ್ದಾರಿ.

ನಾನು ಆರು ನಕ್ಷೆ ಬರೆದೆ. ಒಂದು ಮಳೆಗಾಲ ಅಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಹಾಗಾಗಿ ಮೊದಲ ನಕ್ಷೆಯಲ್ಲಿ ಪ್ಲಗ್ಗುಗಳು ಮೊಣಕಾಲಿನ ಎತ್ತರಕ್ಕಿದ್ದವು. ಹವಾಮಾನದ ಸುದ್ದಿ ನೋಡಿದಂತೆಲ್ಲ ಅವು ಸೊಂಟಕ್ಕೆ, ಎದೆಗೆ ಏರಿದವು. ಕೊನೆಗೆ ಸೀಮೆಸುಣ್ಣ ಹಿಡಿದು ನಾಲ್ಕೂ ಗೋಡೆಗಳ ಮೇಲೆ, ನಾನು ಕೈ ಎತ್ತಿದರೆ ಸಿಗುವಷ್ಟು ಎತ್ತರಕ್ಕೆ, ಹನ್ನೊಂದು ಗುರುತು ಮಾಡಿದೆ.

ಎಲೆಕ್ಟ್ರಿಷಿಯನ್ ಕಲಬುರಗಿ ಕಡೆಯವರು. ಗುರುತುಗಳನ್ನು ಒಂದೊಂದಾಗಿ ನೋಡಿದರು.

"ಇಷ್ಟ ಎತ್ತರಕ ನೀರ್ ಬಂದ್ರ, ಸರ್, ನಿಮಗ ಪ್ಲಗ್ ಬ್ಯಾಡ, ದೋಣಿ ಬೇಕಾಗ್ತದ."

"ಮುನ್ನೆಚ್ಚರಿಕೆ," ಎಂದೆ. "ಎರಡು ದಿನ ಕೊಡಿ, ಇನ್ನೊಮ್ಮೆ ನೋಡ್ತೇನೆ."

"ಎರಡು ದಿನ ಇಲ್ರಿ. ಇವತ್ತ ಗ್ವಾಡಿ ಕೊರೀಲಿಲ್ಲಂದ್ರ ನಾ ನಾಳಿಂದ ಘೋಡಬಂದರ್ ರಸ್ತೆದಾಗಿನ ಬ್ಯಾರೆ ಕೆಲಸಕ್ಕ ಹೋಗಾಂವ. ಆಮ್ಯಾಲ ಒಂದು ತಿಂಗಳ ಸಿಗಾಂಗಿಲ್ಲ."

ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿಗೆ ಇದು ಕೇಳಿಸಿತು. ಇಳಿದು ಬಂದು ಒಂದು ಗುರುತಿನ ಕೆಳಗೆ ನಿಂತು ಕೈ ಎತ್ತಿದಳು. ಅವಳ ಹಿಮ್ಮಡಿ ನೆಲ ಬಿಟ್ಟಿತು.

"ಸ್ವಿಚ್ ಹಾಕ್ಲಿಕ್ಕೆ ನಾನು ಸ್ಟೂಲ್ ಹತ್ತಬೇಕಾ? ಇರಲಿ. ಗ್ರೈಂಡರ್ ಎಲ್ಲಿ ಇಡುವುದು?"

"ಗೋಡೆಗೆ ತಾಗಿಸಿ."

ಅವಳು ಖಾಲಿ ಡ್ರಮ್ ಒಂದನ್ನು ಕೋಣೆಯ ನಡುವಿಗೆ ತಳ್ಳಿ, ಅದರ ಸುತ್ತ ನಡೆಯುತ್ತಾ ಅಂಚಿಗೆ ಹತ್ತಿದ ಹಿಟ್ಟನ್ನು ಕೈಯಿಂದ ಒಳಗೆ ಬಳಿದಂತೆ ಮಾಡಿ ತೋರಿಸಿದಳು.

ಉಡುಪಿಯಿಂದ ಬಂದು ಡೊಂಬಿವಲಿಯಲ್ಲಿ ಹೋಟೆಲು ನಡೆಸಿದವರ ಮಗ ನಾನು. ನಮ್ಮ ಅಡುಗೆಮನೆಯಲ್ಲಿ ಗ್ರೈಂಡರು ಯಾವತ್ತೂ ನಡುವೆಯೇ ಇರುತ್ತಿತ್ತು. ಅಡುಗೆ ಭಟ್ಟರು ಸುತ್ತಲೂ ಸುಳಿದು ಹಿಟ್ಟು ಬಳಿಯುವುದನ್ನು ನೋಡುತ್ತಲೇ ಬೆಳೆದವನು. ನನ್ನ ನಕ್ಷೆಯಂತೆ ನಡೆದಿದ್ದರೆ ಗೋಡೆಯಿಂದ ಅಷ್ಟುದ್ದ ವೈರು ಒದ್ದೆ ನೆಲದ ಮೇಲೆ ಹರಿದು ಬಂದು ಅವಳ ಕಾಲಡಿಯಲ್ಲೇ ಬಿದ್ದಿರುತ್ತಿತ್ತು. ಬಾರದ ಪ್ರವಾಹಕ್ಕೆ ಹನ್ನೊಂದು ಪ್ಲಗ್ಗು ಏರಿಸಿದ್ದೆ. ರುಬ್ಬುವಾಗ ಅವಳ ಕೊಡದಿಂದ ದಿನಾ ಚೆಲ್ಲುವ ನೀರು ನೆನಪಾಗಿರಲಿಲ್ಲ.

"ಹೋಟೆಲಿನವರ ಮಗ ಅಂತ ಇನ್ನು ಯಾರ ಹತ್ರವೂ ಹೇಳ್ಬೇಡಿ ಮಾರಾಯ್ರೆ," ಎಂದಳು ಹೆಂಡತಿ.

"ಮ್ಯಾಲಿಂದ ಇಳಿಸೂಣ ಅಕ್ಕಾ," ಎಂದರು ಎಲೆಕ್ಟ್ರಿಷಿಯನ್, ಚಾವಣಿ ನೋಡುತ್ತಾ. "ನಡುವ ಪೈಪ್ ಬಿಟ್ಟು ನಿಮ್ಮ ಕೈಗೆ ಹತ್ತುವಂಗ ಪ್ಲಗ್ ಕೊಡ್ತೀನಿ. ನೆಲಕ್ಕ ವೈರೇ ಬ್ಯಾಡ."

"ಅದರ ಮೇಲೆ ನಮ್ಮ ಬಚ್ಚಲು ಉಂಟಲ್ಲ, ನೀರು ಸೋರಿದರೆ?" ಎಂದೆ.

ಇಬ್ಬರೂ ನನ್ನನ್ನು ನೋಡಿದರು. ಹೆಂಡತಿ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಡ್ರಮ್ಮಿನ ಪಕ್ಕ ನಿಂತು, ಮೊಣಕೈ ಮಡಿಸಿ, "ಇಷ್ಟು ಎತ್ತರಕ್ಕೆ" ಎಂದಳು. ಅವರು ಟೇಪು ಹಿಡಿದರು.

ಶನಿವಾರ ಬೆಳಿಗ್ಗೆ ನೆನೆದ ಅಕ್ಕಿ ಉದ್ದು ಕೆಳಗಿಳಿದವು. ಗ್ರೈಂಡರಿನ ಗುರುಗುರು ಮೇಲಿದ್ದ ನನ್ನ ಪಾದಕ್ಕೂ ತಟ್ಟುತ್ತಿತ್ತು. ಅವಳು ಕೆಳಗಿನಿಂದಲೇ ಕೂಗಿ ಕೇಳಿದಳು, "ಸ್ನಾನ ಆಯ್ತಾ?"

"ಆಮೇಲೆ," ಎಂದೆ. ಬಚ್ಚಲಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಕೊನೆಯ ಡಬ್ಬ ತುಂಬುವವರೆಗೂ ಅಲ್ಲೇ ಕುರ್ಚಿ ಹಾಕಿ ಕೂತಿದ್ದೆ.